ಹೆಸರಿಲ್ಲದವರ ಮಾತನ್ನು ಗ್ರಾಮಸಭೆ ಯಾಕೆ ನಂಬಬೇಕು?

ಪ್ರಶ್ನೆ: ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯವಳು. ಅತ್ತೆಗೆ ಮಲಯಾಳಂ ಓದಲು ಬರುವುದಿಲ್ಲ, ಪೆನ್ಶನ್ ಫಾರಂ ಬಂದಾಗಲೆಲ್ಲ ಪರದಾಟ. ಫಾರಂ ಕನ್ನಡದಲ್ಲೂ ಕೊಡಿ ಅಂತ ಗ್ರಾಮಸಭೆಯಲ್ಲಿ ಕೇಳಬೇಕೆಂದಿದ್ದೇನೆ. ನಾನು ಟೀಚರೂ ಅಲ್ಲ, ಪಾರ್ಟಿಯವಳೂ ಅಲ್ಲ. ನನ್ನ ಮಾತನ್ನು ಯಾರು ನಂಬುತ್ತಾರೆ?

ನಂಬುತ್ತಾರೆ. ಮಾತಾಡುವವನ ಮೇಲಿನ ನಂಬಿಕೆ ಅವನ ಹಳೆಯ ಹೆಸರಿನಿಂದಲ್ಲ, ಆಗ ಆಡುವ ಮಾತಿನಿಂದಲೇ ಹುಟ್ಟಬೇಕು ಅಂತ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದಾನೆ. ಇವರಿಗೆ ವಿಷಯ ಗೊತ್ತು, ಇವರು ಮೋಸದವರಲ್ಲ, ನಮ್ಮ ಒಳ್ಳೆಯದನ್ನೇ ಬಯಸುತ್ತಾರೆ. ಕೂತವರಿಗೆ ಈ ಮೂರು ಅನಿಸಿದರೆ ಸಾಕು.

ಇದಕ್ಕೆ ಗ್ರೀಸ್ ತನಕ ಹೋಗಬೇಕಾಗಿಯೂ ಇಲ್ಲ. ವೇಷ, ಕುಣಿತ ಇಲ್ಲದ ಯಕ್ಷಗಾನ, ಅಂದರೆ ತಾಳಮದ್ದಳೆ ನೋಡಿದ್ದೀರಲ್ವಾ? ಬಣ್ಣವಿಲ್ಲ, ಕಿರೀಟವಿಲ್ಲ, ಪಂಚೆ ಉಟ್ಟು ಕೂತವರು ಬರೀ ಮಾತಿನಲ್ಲೇ ರಾಮನಾಗಬೇಕು. ನಾನು ಇನ್ನೊಬ್ಬನ ಜತೆ ಹೋರಾಡುತ್ತಿದ್ದಾಗ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ರಾಮನ ಮಾತಾಡುವ ಪಳಗಿದ ಅರ್ಥಧಾರಿ ಜಾರಿಕೊಳ್ಳುವುದಿಲ್ಲ. ಹೌದು, ಮರೆಯಿಂದಲೇ ಬಿಟ್ಟೆ ಅಂತ ಒಪ್ಪಿಕೊಂಡು, ಆಮೇಲೆ ತಮ್ಮನ ಹೆಂಡತಿ ರುಮೆಯನ್ನು ನೀನೇನು ಮಾಡಿದೆ ಅನ್ನುವಲ್ಲಿಗೆ ಬರುತ್ತಾರೆ. ಜಾರಿಕೊಂಡರೋ, ಸಭೆ ವಾಲಿಯ ಕಡೆಗೆ. (ನಾನಂತೂ ಎಷ್ಟೋ ಸಲ ವಾಲಿಯ ಕಡೆ ಹೋಗಿದ್ದೇನೆ.)

ನಿಮಗೆ ಬರುವ ವಾಲಿಯ ಪ್ರಶ್ನೆ ಯಾವುದು ಗೊತ್ತಲ್ಲ: "ಕೇರಳದಲ್ಲಿದ್ದು ಮಲಯಾಳಂ ಕಲಿಯಲು ಏನು ಕಷ್ಟ?" ಅದನ್ನು ಬೇರೆಯವರು ಎತ್ತುವ ಮೊದಲು ನೀವೇ ಎತ್ತಿ. "ಮಲಯಾಳಂ ಬೇಡ ಅಂತ ನಾನು ಹೇಳುತ್ತಿಲ್ಲ, ಮಕ್ಕಳು ಕಲಿಯಲಿ. ಆದರೆ ಅತ್ತೆ ಈ ವಯಸ್ಸಿನಲ್ಲಿ ಯಾವಾಗ ಕಲಿಯುವುದು? ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದವರು ತೋರಿಸಿದ ಕಡೆ ಸಹಿ ಹಾಕುತ್ತಾರೆ, ಯಾವುದಕ್ಕೆ ಹಾಕಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ." ಹೀಗೆ ಹೇಳಿದರೆ ಪಕ್ಕದಲ್ಲಿ ಕೂತ ಮಲಯಾಳಿ ಅಕ್ಕನಿಗೂ ತನ್ನ ಅಮ್ಮ ನೆನಪಾಗಬಹುದು. ಅವರನ್ನು ನೀವು ಎದುರಾಳಿ ಮಾಡಲಿಲ್ಲವಲ್ಲ.

ಇನ್ನು ತರ್ಕ. ನಮ್ಮವರು ಎದ್ದು ನಿಂತರೆ ಶುರು ಮಾಡುವುದೇ 1956ರಿಂದ: ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು, ಹೀಗೆ. ಎಲ್ಲ ನಿಜವೇ. ಆದರೆ ಊರು ಯಾವ ರಾಜ್ಯಕ್ಕೆ ಸೇರಬೇಕು ಅನ್ನುವುದು ಒಂದು ಜಗಳ, ಪಂಚಾಯತಿನ ಕಾಗದ ಯಾವ ಭಾಷೆಯಲ್ಲಿರಬೇಕು ಅನ್ನುವುದು ಬೇರೆಯೇ, ಮೊದಲನೆಯದನ್ನು ಹಿಡಿದರೆ "ಅದು ದಿಲ್ಲಿಯ ವಿಷಯ" ಅಂತ ಮೆಂಬರ್ ಕೈ ತೊಳೆದುಕೊಳ್ಳುತ್ತಾರೆ.

ಕೇರಳದ್ದೇ ಕಾನೂನು ಹಿಡಿಯಿರಿ. ಅಲ್ಲಿನ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಬರೆಯುವ ಹಕ್ಕಿದೆ ಅಂದ ಮೇಲೆ ತುಂಬಿಸುವ ಫಾರಂ ಯಾಕಿಲ್ಲ ಅಂತ ಕೇಳಿ. ಕಾಯ್ದೆಯಲ್ಲಿ ಫಾರಂ ಅಂತಲೇ ಬರೆದಿದೆ ಅಂತ ಮಾತ್ರ ಹಿಗ್ಗಿಸಬೇಡಿ. ಕಾನೂನು ಹೇಳುವುದು ಎಲ್ಲಿಗೆ ನಿಲ್ಲುತ್ತದೆ, ನಿಮ್ಮ ಬೇಡಿಕೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಿ. ಯಾರೋ ಮೊಬೈಲ್ ತೆಗೆದು ಅಲ್ಲೇ ನೋಡುತ್ತಾರೆ.

ಮಾತಿನ ಭರದಲ್ಲಿ "ಮಲಯಾಳಂನಿಂದ ಕನ್ನಡ ಶಾಲೆ ಖಾಲಿ" ಅಂತ ಸೇರಿಸಬೇಡಿ. ಬೆಳಗ್ಗೆ ಮನೆ ಮುಂದೆ ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ.

ಕೇರಳದಲ್ಲಿ ಗ್ರಾಮಸಭೆ ನಡೆಯುವುದು ವಾರ್ಡ್ ಮಟ್ಟದಲ್ಲಿ, ಕೋರಂಗೆ, ಅಂದರೆ ಸಭೆ ನಡೆಯಲು ಕನಿಷ್ಠ ಹಾಜರಿಗೆ, ಶೇಕಡಾ 10 ಮತದಾರರು ಬೇಕು, ಹಾಗಾಗಿ ನಾಲ್ಕು ಮನೆಯವರನ್ನು ಕರೆದುಕೊಂಡೇ ಹೋಗಿ. ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದು ಕೊಡಿ, ಮಿನಿಟ್ಸ್‌ನಲ್ಲಿ ಸೇರಿಸಿ ಅಲ್ಲೇ ಓದಿ ಹೇಳಲು ಕೇಳಿ. ಅದನ್ನು ಬರೆಯುವುದು ಮಲಯಾಳಂನಲ್ಲೇ ಆದರೆ, ಓದಬಲ್ಲವರೊಬ್ಬರು ನಿಮ್ಮ ಪಕ್ಕದಲ್ಲಿರಲಿ.