ಕಷಾಯದ ಚರಟ ಮೀನಿಗೆ ಎಷ್ಟು, ಯಾವಾಗ?

ಆಯುರ್ವೇದ ಔಷಧ ತಯಾರಿಸುವ ಘಟಕಗಳಲ್ಲಿ ಕಷಾಯ ಬಸಿದ ಮೇಲೆ ಉಳಿಯುವ ಚರಟವನ್ನು ಮೀನಿಗೆ ಹಾಕಬಹುದೇ ಎಂದು ಕಾಟ್ಲಾ, ರೋಹು ಸಾಕುವ ರೈತರು ಕೇಳುತ್ತಾರೆ. ಹಾಕಬಹುದು. ಆದರೆ ತೌಡು, ಶೇಂಗಾ ಹಿಂಡಿಯ ಖರ್ಚು ಉಳಿಸಲು ಅಲ್ಲ. ಆಹಾರವಾಗಿ ಅದು ಕಳಪೆ ಸರಕು, ಬಹುಪಾಲು ನಾರು. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಅಷ್ಟು ನಾರು ಅವಕ್ಕೆ ಅರಗುವುದಿಲ್ಲ. ಚರಟದಿಂದ ಲಾಭವಿದ್ದರೆ ಅದು ರೋಗನಿರೋಧಕ ಶಕ್ತಿಗೆ ಸಿಗುವ ಸಣ್ಣ ಒತ್ತಾಸೆ ಮಾತ್ರ.

ಯುರೋಪ್ ಒಕ್ಕೂಟವು ಬೆಳವಣಿಗೆಗೆಂದು ಪಶು ಆಹಾರಕ್ಕೆ ಬೆರೆಸುತ್ತಿದ್ದ ಆ್ಯಂಟಿಬಯೋಟಿಕ್‌ಗಳನ್ನು 2006ರ ಜನವರಿ 1ರಿಂದ ನಿಷೇಧಿಸಿತು. ಗಿಡಮೂಲಿಕೆಗಳತ್ತ ಸಂಶೋಧಕರ ಕಣ್ಣು ಹೆಚ್ಚು ಹೊರಳಿದ್ದಕ್ಕೆ ಅದೂ ಒಂದು ಕಾರಣ. ಹುಣ್ಣು, ಹೊಟ್ಟೆ ಉಬ್ಬರ ತರುವ ಏರೋಮೋನಾಸ್ ಬ್ಯಾಕ್ಟೀರಿಯಾವನ್ನು ಎದುರಿಸಲು ರೋಹು ಮೀನಿಗೆ ಕಿಲೋ ಆಹಾರದಲ್ಲಿ 1ರಿಂದ 10 ಗ್ರಾಂ ಬೆಳ್ಳುಳ್ಳಿ ಕೊಟ್ಟು ನೋಡಿದ್ದಾರೆ. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಚುರುಕಾದವು, ಬ್ಯಾಕ್ಟೀರಿಯಾ ಒಡೆಯುವ ಲೈಸೋಜೈಮ್ ಕಿಣ್ವ ಹೆಚ್ಚಿತು. ಗಮನಿಸಿ, ಅದು ಇಡೀ ಬೆಳ್ಳುಳ್ಳಿ, ಚರಟವಲ್ಲ.

ಚರಟದಲ್ಲಿ ಏನು ಉಳಿದಿದೆ ಎಂಬುದು ಅದರಿಂದ ಏನನ್ನು, ಹೇಗೆ ತೆಗೆದರು ಎಂಬುದರ ಮೇಲೆ ನಿಂತಿದೆ. ನೀರಲ್ಲಿ ಕುದಿಸಿದರೆ ನೀರಿನಲ್ಲಿ ಕರಗುವ ಸತ್ವ ಹೋಗುತ್ತದೆ, ಎಣ್ಣೆಯಲ್ಲಿ ಕರಗುವುದು ಒಂದಿಷ್ಟು ಉಳಿಯುತ್ತದೆ. ಹಬೆಯಲ್ಲಿ ತೈಲ ತೆಗೆದ ತುಳಸಿ, ಮಜ್ಜಿಗೆ ಹುಲ್ಲಿನ ಕತೆ ಬೇರೆ; ಅಲ್ಲಿ ಪರಿಮಳದ ತೈಲ ಹೋಗಿ ಪಾಲಿಫಿನಾಲ್‌ಗಳೆಂಬ ಸಸ್ಯ ಸತ್ವಗಳು ಉಳಿಯುತ್ತವೆ. ಇದು ನನಗೆ ಹೆಚ್ಚು ಭರವಸೆಯ ಸರಕು. ಅಸಿಟೋನ್‌ನಂಥ ದ್ರಾವಕ ಬಳಸಿ ಸತ್ವ ಹಿಂಡಿದ ಅರಿಶಿನ ಇನ್ನೂ ಹಳದಿಯಾಗಿ ಕಂಡರೂ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಬಹುತೇಕ ಖಾಲಿ. ದ್ರಾವಕದ ವಾಸನೆಯಿದ್ದರೆ ಮುಟ್ಟಲೇಬೇಡಿ. ಹತ್ತಾರು ಬೇರು, ತೊಗಟೆ ಸೇರಿದ ಕಷಾಯದ ಚರಟ ಒಂದು ಲೋಡಿನಂತೆ ಇನ್ನೊಂದು ಇರುವುದಿಲ್ಲ. ಒಂದೇ ಗಿಡದ್ದು ಸಿಕ್ಕರೆ ಅದನ್ನೇ ಆರಿಸಿ.

‘ಗಿಡದ್ದು ತಾನೇ, ಏನಾಗುತ್ತೆ ಬಿಡಿ ಸರ್’ ಎನ್ನುವವರಿಗೆ ನಾನು ಇಪ್ಪೆ ಹಿಂಡಿಯನ್ನು ನೆನಪಿಸುತ್ತೇನೆ. ಅದೂ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ವಸ್ತುವೇ. ಮರಿ ಬಿಡುವ ಮುನ್ನ ಹೊಂಡದ ಬೇಟೆಗಾರ ಮೀನುಗಳನ್ನು ಕೊಲ್ಲಲು ಒಂದು ಮೀಟರ್ ಆಳದ ನೀರಿದ್ದರೆ ಹೆಕ್ಟೇರಿಗೆ 2,500 ಕಿಲೋ ಲೆಕ್ಕದಲ್ಲಿ ಅದನ್ನು ಹಾಕುತ್ತೇವೆ. ಅದರಲ್ಲಿರುವ, ನೊರೆ ಬರಿಸುವ ಸಪೋನಿನ್ ಎಂಬ ವಸ್ತು ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ವಿಷ ಇಳಿಯಲು ಎರಡು ಮೂರು ವಾರ ಬೇಕು. ಶತಾವರಿ, ಜ್ಯೇಷ್ಠಮಧುಗಳಲ್ಲೂ ಸಪೋನಿನ್ ಇದೆ. ಇಪ್ಪೆಯಷ್ಟು ಉಗ್ರವಲ್ಲ, ಆದರೂ ಕೈ ಬಿಗಿ ಹಿಡಿಯಲೇಬೇಕು.

ಇನ್ನೊಂದು ಅಪಾಯ ಬೂಷ್ಟು. ಒದ್ದೆ ಚರಟವನ್ನು ರಾಶಿ ಹಾಕಿದರೆ ಒಳಗೊಳಗೇ ಬಿಸಿಯಾಗಿ ಕೆಡುತ್ತದೆ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಸೇರಿಕೊಂಡರೆ ಮೀನಿನ ಯಕೃತ್ತಿಗೆ ಪೆಟ್ಟು. ತಂದ ದಿನವೇ ತೆಳುವಾಗಿ ಹರಡಿ, ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ, ನುಣ್ಣಗೆ ಪುಡಿ ಮಾಡಿ.

ಪ್ರಮಾಣ ಕಿಲೋ ಆಹಾರಕ್ಕೆ 10 ಗ್ರಾಂ ದಾಟದಿರಲಿ. ಹೊಂಡದಲ್ಲಿ 500 ಕಿಲೋ ಮೀನಿದ್ದು, ದಿನಕ್ಕೆ ದೇಹತೂಕದ ಶೇ 2ರಷ್ಟು ಆಹಾರ ಕೊಡುತ್ತಿದ್ದರೆ, 10 ಕಿಲೋ ಆಹಾರಕ್ಕೆ 100 ಗ್ರಾಂ ಪುಡಿ. ಅಷ್ಟೇ. ತೂತು ಮಾಡಿದ ಗೊಬ್ಬರದ ಚೀಲದಲ್ಲಿ ತೌಡು ತುಂಬಿ ತೂಗುಹಾಕುವ ಪದ್ಧತಿಯಲ್ಲಿ ಪುಡಿ ಬಹುಪಾಲು ನೀರಿಗೇ ತೊಳೆದುಹೋಗುತ್ತದೆ. ಗಂಜಿಯಲ್ಲಿ ಕಲಸಿ ಉಂಡೆ ಕಟ್ಟಿ ತಟ್ಟೆಯಲ್ಲಿ ಇಳಿಬಿಡಿ. ಮೊದಲು ಹೊಂಡದಲ್ಲೇ ಚೌಕಾಕಾರವಾಗಿ ಕಟ್ಟುವ ಹಾಪಾ ಬಲೆಯೊಳಗೆ ಒಂದಷ್ಟು ಮೀನು ಬಿಟ್ಟು ಎರಡು ವಾರ ತಿನ್ನಿಸಿ ನೋಡಿ. ತಟ್ಟೆಯಲ್ಲಿ ಆಹಾರ ಉಳಿಯತೊಡಗಿದರೆ ಆ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿ.

ವರ್ಷವಿಡೀ ಕೊಡಬೇಡಿ. ಹುಣ್ಣು ರೋಗ ಹೆಚ್ಚಾಗಿ ಚಳಿಗಾಲದಲ್ಲಿ ಕಾಣಿಸಿಕೊಳ್ಳುವುದರಿಂದ ಚಳಿ ಬೀಳುವ ಮುನ್ನ ಮೂರು ನಾಲ್ಕು ವಾರ ಕೊಟ್ಟು ನಿಲ್ಲಿಸಿ. ರೋಗ ಬಂದ ಮೇಲೆ ಶುರು ಮಾಡಿದರೆ ಉಪಯೋಗ ಕಡಿಮೆ, ಏಕೆಂದರೆ ಕಾಯಿಲೆ ಬಿದ್ದ ಮೀನು ತಿನ್ನುವುದನ್ನೇ ಬಿಡುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಅಂದು ಪುಡಿಯೂ ಬೇಡ, ಆಹಾರವೂ ಬೇಡ. ಮೊದಲು ಹೊಸ ನೀರು ಬಿಡಿ.