ಪದ ಪರಿಚಯ: ತೆರಿಗೆ ಕಾಯ್ದೆಯ ‘ಫಿಲ್ಮ್ ಆರ್ಟಿಸ್ಟ್’

ಸಿನಿಮಾಕ್ಕೆ ಹಾಡುವವರನ್ನೂ ಗಣಪತಿ ಪೆಂಡಾಲಿನ ರಸಮಂಜರಿಯಲ್ಲಿ ಹಾಡುವವರನ್ನೂ ನಾವು ಗಾಯಕರು ಎಂದೇ ಕರೆಯುತ್ತೇವೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅವರಿಬ್ಬರೂ ಒಂದೇ ಅಲ್ಲ. ಮೊದಲನೆಯವರು ‘ಫಿಲ್ಮ್ ಆರ್ಟಿಸ್ಟ್’. ಎರಡನೆಯವರಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಹೆಸರೇ ಇಲ್ಲ.

1961ರ ಕಾಯ್ದೆಯ ಸೆಕ್ಷನ್ 44ಎಎ ವಕೀಲರು, ವೈದ್ಯರು, ಎಂಜಿನಿಯರ್‌ಗಳಂಥ ಕೆಲವು ವೃತ್ತಿಗಳ ಹೆಸರು ಹೇಳಿ, ನೀವು ಲೆಕ್ಕಪುಸ್ತಕ ಇಡಲೇಬೇಕು ಎನ್ನುತ್ತದೆ. 1977ರ ಅಧಿಸೂಚನೆಯೊಂದು ಫಿಲ್ಮ್ ಆರ್ಟಿಸ್ಟ್‌ಗಳನ್ನೂ ಆ ಸಾಲಿಗೆ ಸೇರಿಸಿತು. ಯಾರು ಇವರು ಎಂಬುದಕ್ಕೆ ನಿಯಮ 6ಎಫ್‌ನಲ್ಲಿ ಪಟ್ಟಿಯಿದೆ: ಚಲನಚಿತ್ರ ನಿರ್ಮಾಣದಲ್ಲಿ ತೊಡಗಿದ ನಟ, ಕ್ಯಾಮೆರಾಮನ್, ನಿರ್ದೇಶಕ, ಸಂಗೀತ ನಿರ್ದೇಶಕ, ಕಲಾ ನಿರ್ದೇಶಕ, ನೃತ್ಯ ನಿರ್ದೇಶಕ, ಸಂಕಲನಕಾರ, ಗಾಯಕ, ಗೀತರಚನೆಕಾರ, ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವವರು, ವಸ್ತ್ರ ವಿನ್ಯಾಸಕ. ಡ್ಯಾನ್ಸ್ ಮಾಸ್ಟರ್ ಹೆಸರು ಇದೆ, ಫೈಟ್ ಮಾಸ್ಟರ್ ಹೆಸರಿಲ್ಲ. ಬಟ್ಟೆ ವಿನ್ಯಾಸ ಮಾಡುವವರಿದ್ದಾರೆ, ಬಣ್ಣ ಹಚ್ಚುವವರಿಲ್ಲ. ಯಕ್ಷಗಾನ, ನಾಟಕ ಕಂಪನಿ, ಮಿಮಿಕ್ರಿ, ಸ್ಟ್ಯಾಂಡಪ್ ಇವಂತೂ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

ಸುಮಾರು 40 ವರ್ಷ ಈ ಪಟ್ಟಿಯಲ್ಲಿ ಇಲ್ಲದವರೇ ಅದೃಷ್ಟವಂತರು ಎನ್ನಬಹುದಿತ್ತು. ಒಳಗಿದ್ದವರಿಗೆ ಲೆಕ್ಕ ಬರೆಯುವ ಹೊರೆಯಷ್ಟೇ ಹೆಚ್ಚು. 2016ರ ಬಜೆಟ್‌ನಲ್ಲಿ ಸೆಕ್ಷನ್ 44ಎಡಿಎ ಬಂದದ್ದೇ ಆಟ ತಿರುಗಿತು. ಪಟ್ಟಿಯಲ್ಲಿರುವ ವೃತ್ತಿಯವರು ವರ್ಷದಲ್ಲಿ ಕೈಗೆ ಬಂದ ಒಟ್ಟು ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಉಳಿದರ್ಧ ಖರ್ಚಾಯಿತು ಎಂದು ಇಲಾಖೆಯೇ ಒಪ್ಪಿಕೊಳ್ಳುತ್ತದೆ. ಬಿಲ್ಲು, ವೋಚರ್ ಯಾವುದನ್ನೂ ಕೇಳುವುದಿಲ್ಲ. ಒಟ್ಟು ಹಣ 50 ಲಕ್ಷ ರೂಪಾಯಿ ಮೀರಿರಬಾರದು. ನಗದಾಗಿ ಬಂದದ್ದು ಶೇ 5ರ ಒಳಗಿದ್ದರೆ ಈ ಮಿತಿ 75 ಲಕ್ಷ.

ಒಂದು ಲೆಕ್ಕ ನೋಡಿ. 2025–26ರಲ್ಲಿ ಒಬ್ಬ ಹಿನ್ನೆಲೆ ಗಾಯಕಿಗೆ ನಿರ್ಮಾಪಕರಿಂದ 18 ಲಕ್ಷ ಬಂತು ಎನ್ನೋಣ. ಒಬ್ಬ ನಿರ್ಮಾಪಕರ ಪಾವತಿ ವರ್ಷಕ್ಕೆ 50,000 ದಾಟಿದರೆ ಅವರು ಶೇ 10 ಟಿಡಿಎಸ್ ಹಿಡಿಯುತ್ತಾರೆ. ಎಲ್ಲರೂ ಹಿಡಿದರೆಂದರೆ 1.8 ಲಕ್ಷ ಆಗಲೇ ಸರ್ಕಾರಕ್ಕೆ ಹೋಗಿರುತ್ತದೆ. 44ಎಡಿಎ ಪ್ರಕಾರ ಆಕೆಯ ಆದಾಯ 9 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಐಟಿಆರ್-4 ಎಂಬ ರಿಟರ್ನ್ ನಮೂನೆ ತುಂಬಿದರೆ ಆ 1.8 ಲಕ್ಷವೂ ವಾಪಸ್. ‘ತೆರಿಗೆ ಹಿಡಿದುಕೊಂಡೇ ಕೊಟ್ಟಿದ್ದಾರಲ್ಲ, ಇನ್ನೇನು ರಿಟರ್ನ್’ ಎಂದು ಸುಮ್ಮನಿದ್ದರೆ ಅಷ್ಟೂ ಹಣ ಕೈತಪ್ಪಿ ಹೋಗುತ್ತದೆ. ಟಿಡಿಎಸ್ ಎಂದರೆ ಮುಂಗಡವಾಗಿ ಹಿಡಿದಿಟ್ಟ ಹಣ, ಅಂತಿಮ ತೆರಿಗೆಯಲ್ಲ ಎಂಬುದು ಎಷ್ಟು ಹೇಳಿದರೂ ಅನೇಕರ ತಲೆಗೆ ಹೋಗುವುದಿಲ್ಲ.

ಈಗ ಪೆಂಡಾಲಿನ ಗಾಯಕನ ಕಡೆ ಬನ್ನಿ. ಅವನಿಗೆ ಈ ಅರ್ಧಕ್ಕರ್ಧದ ಸೌಲಭ್ಯ ಅಕ್ಷರಶಃ ಓದಿದರೆ ಸಿಗುವುದಿಲ್ಲ. ವ್ಯಾಪಾರಿಗಳಿಗಿರುವ ಇಂಥದೇ ಸೌಲಭ್ಯದ ಸೆಕ್ಷನ್ 44ಎಡಿ ಅಡಿ ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ಹಾಡುವುದು ವ್ಯಾಪಾರ ಎಂದು ವಾದಿಸಬೇಕಾಗುತ್ತದೆ. ನಾನಾದರೆ ಆ ಗೋಜಿಗೆ ಹೋಗುವುದಿಲ್ಲ. ಉಳಿದ ದಾರಿ ನಿಜವಾದ ಜಮಾ-ಖರ್ಚು, ಐಟಿಆರ್-3. ವ್ಯಾನ್ ಬಾಡಿಗೆ, ಸೌಂಡ್ ಸಿಸ್ಟಮ್, ಕಾರ್ಯಕ್ರಮ ಹಿಡಿದುಕೊಟ್ಟವರ ಕಮಿಷನ್ ಎಲ್ಲ ಕಳೆಯಬಹುದು. ಕೀಬೋರ್ಡ್ ಕೊಂಡ ದುಡ್ಡನ್ನು ಮಾತ್ರ ಒಂದೇ ಸಲ ಕಳೆಯುವಂತಿಲ್ಲ, ಸವಕಳಿ ಎಂದು ವರ್ಷವರ್ಷ ಸ್ವಲ್ಪಸ್ವಲ್ಪ. ಎಡವುವುದು ಇನ್ನೊಂದು ಕಡೆ: ಕಾರ್ಯಕ್ರಮ ಮುಗಿದ ರಾತ್ರಿಯೇ ತಬಲಾದವರ ಕೈಗೆ 15,000 ನಗದು ಕೊಟ್ಟುಬಿಡುತ್ತಾರೆ. ಒಬ್ಬರಿಗೆ ಒಂದು ದಿನದಲ್ಲಿ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಹೆಚ್ಚುವರಿ 5,000 ಮಾತ್ರವಲ್ಲ, ಇಡೀ 15,000 ಹೋಯಿತು. ಫೋನ್‌ಪೇ ಮಾಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಹಾಡು ಮೆಚ್ಚಿ ವೇದಿಕೆ ಮೇಲೆ ಬಂದು ನೋಟು ಕೊಟ್ಟು ಹೋಗುತ್ತಾರಲ್ಲ, ಅದೂ ಕಲೆಗೆ ಸಿಕ್ಕ ಹಣವೇ, ಜಮಾ ಕಡೆ ಬರೆಯಬೇಕು.

ತಮಾಷೆಯೆಂದರೆ ಜಿಎಸ್‌ಟಿ ಕಾನೂನು ಇದೇ ಗೆರೆಯನ್ನು ತಿರುಗಾಮುರುಗಾ ಎಳೆದಿದೆ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಪ್ರದರ್ಶನಕ್ಕೆ ಕಲಾವಿದ ಪಡೆಯುವ ಸಂಭಾವನೆ ಒಂದು ಪ್ರದರ್ಶನಕ್ಕೆ 1.5 ಲಕ್ಷ ಮೀರದಿದ್ದರೆ ಅಲ್ಲಿ ವಿನಾಯಿತಿ. ಸಿನಿಮಾ ಹಾಡಿಗೆ ಆ ವಿನಾಯಿತಿ ಇಲ್ಲ. ಒಂದು ಕಾನೂನಿಗೆ ಪೇಟೆಯ ಸಿನಿಮಾದವರು ಬೇಕು, ಇನ್ನೊಂದಕ್ಕೆ ಊರಿನ ಆಟದವರು.

ಮುಂಗಡ ತೆರಿಗೆಯ ವಿಷಯ ಚಿಕ್ಕದು. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿಯುವುದಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಹೀಗೆ ನಾಲ್ಕು ಕಂತು. 44ಎಡಿಎಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯವಾಗುವುದರಿಂದ, ಆಮೇಲಿನ ಆದಾಯಕ್ಕೆ ಸೆಕ್ಷನ್ ಸಂಖ್ಯೆಗಳು ಬೇರೆ.

ಎರಡೂ ಕಡೆ ಹಾಡುವವರೇ ಹೆಚ್ಚಲ್ಲವೇ? ಅವರ ಹಣ ಎರಡು ರಾಶಿಯಾಗುತ್ತದೆ: ಚಿತ್ರಕ್ಕೆ ಹಾಡಿದ್ದು ಒಂದು, ವೇದಿಕೆಯದು ಇನ್ನೊಂದು. ಹಾಗಾಗಿ ಬಿಲ್ಲಿನಲ್ಲಿ ಬರೀ ‘ಹಾಡಿದ ಸಂಭಾವನೆ’ ಎಂದು ಗೀಚಬೇಡಿ. ಯಾವ ಚಿತ್ರದ ಹಾಡು, ಯಾವ ಊರಿನ ಕಾರ್ಯಕ್ರಮ, ಯಾವ ತಾರೀಖು ಎಂದು ಬರೆಯಿರಿ. ಜುಲೈನಲ್ಲಿ ಆಡಿಟರ್ ಮುಂದೆ ಕೂತಾಗ ಅವರು ಮೊದಲು ಕೇಳುವುದೇ ಅದನ್ನು.