ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಪೆನ್‌ಡ್ರೈವ್‌ನಿಂದ ಕನ್ನಡ ಟೈಪಿಂಗ್‌ವರೆಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆಗಿದ್ದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಕೂಡ ಬೇಕು. ಹಾಗಾಗಿ 2015ರ ಆಸುಪಾಸಿನಲ್ಲಿ ಕೊಂಡ, ಪರದೆ ಕೀಬೋರ್ಡ್ ಎಲ್ಲ ನೆಟ್ಟಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಕಪಾಟು ಸೇರುತ್ತಿವೆ. ಇವುಗಳಿಗೆ ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಎಡವಟ್ಟಾಗುವುದು ಬಹುಮಟ್ಟಿಗೆ ಅದಕ್ಕೂ ಮುಂಚಿನ ತಯಾರಿಯಲ್ಲಿ.

ಲಿನಕ್ಸ್ ಎಂದರೆ ಮೂಲತಃ ಕರ್ನಲ್. ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ಕೂತು ಮೆಮೊರಿ, ಡಿಸ್ಕು, ಪ್ರೊಸೆಸರ್ ಸಮಯವನ್ನು ಹಂಚುವ ತಿರುಳು ಅದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಕರ್ನಲ್ಲಿನ ಜೊತೆಗೆ ಗ್ನೂ ಯೋಜನೆಯ ಸಲಕರಣೆಗಳು, ಕಿಟಕಿ-ಮೆನುಗಳು, ಬ್ರೌಸರ್, ಆಫೀಸ್ ತಂತ್ರಾಂಶ ಎಲ್ಲವನ್ನೂ ಸೇರಿಸಿ ಕೊಡುವ ಕಟ್ಟಿಗೆ ಡಿಸ್ಟ್ರೋ ಎಂದು ಹೆಸರು. ಡಿಸ್ಟ್ರೋಗಳು ನೂರಾರಿವೆ. ಮೊದಲ ಸಲ ಕೈಹಾಕುವವರಿಗೆ ಲಿನಕ್ಸ್ ಮಿಂಟ್ ಸಾಕು. ಅದರ 22ನೇ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಳ್ಳಿ. 2 ಜಿಬಿಯಲ್ಲೂ ಅದು ಏಳುತ್ತದೆ, ಆದರೆ ಇಂದಿನ ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಉಸಿರುಗಟ್ಟುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಬೇಕು. ಲ್ಯಾಪ್‌ಟಾಪ್ ನಿಧಾನವಾಗಿರುವುದು ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ, ಲಿನಕ್ಸ್ ಒಂದೇ ಅದನ್ನು ಗುಣಪಡಿಸದು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಹಿಡಿಯುತ್ತದೆ. ಓದುವ ತಲೆ ಮೊದಲು ಸರಿಯಾದ ಪಥಕ್ಕೆ ಸರಿಯಬೇಕು, ಆಮೇಲೆ ಬೇಕಾದ ಜಾಗ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಷ್ಟೇ ಓದಬಲ್ಲದು. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ, ಅದು ಸಾವಿರಾರು ಸಲ ಓದುತ್ತದೆ. ಆದ್ದರಿಂದ 2.5 ಇಂಚಿನ 256 ಜಿಬಿ ಸಾಟಾ ಎಸ್‌ಎಸ್‌ಡಿ ಕೊಂಡು, ಹಳೆಯ ಡಿಸ್ಕ್ ಬಿಚ್ಚಿ, ಅದೇ ಜಾಗದಲ್ಲಿ ಕೂರಿಸಿ. ನನ್ನ ಪ್ರಕಾರ ಇದಕ್ಕಿಂತ ಸುರಕ್ಷಿತ ದಾರಿಯಿಲ್ಲ. ವಿಂಡೋಸ್ ಮತ್ತು ಮನೆಯ ಫೋಟೊಗಳಿರುವ ಡಿಸ್ಕ್ ಯಂತ್ರದ ಹೊರಗೇ ಇರುವುದರಿಂದ ಸ್ಥಾಪನೆಯಲ್ಲಿ ಏನೇ ತಪ್ಪಾದರೂ ಅದಕ್ಕೆ ಪೆಟ್ಟಿಲ್ಲ. ಯುಎಸ್‌ಬಿ ಕೇಸಿನಲ್ಲಿ ಹಾಕಿಟ್ಟರೆ ಅದೇ ಮುಂದೆ ಹೊರಗಿನ ಡಿಸ್ಕ್ ಆಗುತ್ತದೆ.

ಈಗ ಪೆನ್‌ಡ್ರೈವ್. ಮಿಂಟ್‌ನ ಅಧಿಕೃತ ತಾಣದಿಂದ ಇಳಿಸುವ ಐಎಸ್‌ಒ ಕಡತ, ಅಂದರೆ ಇಡೀ ಡಿಸ್ಟ್ರೋವನ್ನು ಒಟ್ಟಿಗೆ ಕಟ್ಟಿಟ್ಟ ಒಂದೇ ಕಡತ, ಸುಮಾರು 3 ಜಿಬಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಯುತ್ತದೆ, ಹಾಗಾಗಿ ಮೊದಲೇ ಖಾಲಿ ಮಾಡಿಕೊಳ್ಳಿ. ಹೊಸಬರು ಹೆಚ್ಚಾಗಿ ಮಾಡುವ ತಪ್ಪೆಂದರೆ ಐಎಸ್‌ಒ ಕಡತವನ್ನು ಫೋಟೊಗಳನ್ನು ಕಾಪಿ ಮಾಡುವಂತೆ ಪೆನ್‌ಡ್ರೈವ್‌ಗೆ ಎಳೆದು ಹಾಕುವುದು. ಹಾಗೆ ಮಾಡಿದರೆ ಬೂಟ್ ಆಗುವುದಿಲ್ಲ. ಯಂತ್ರ ಶುರುವಾಗುವಾಗ ಮೊದಲು ಓಡುವ ಫರ್ಮ್‌ವೇರ್ ಎಂಬ ತಂತ್ರಾಂಶ ಹುಡುಕುವುದು ಪೆನ್‌ಡ್ರೈವ್‌ನ ನಿರ್ದಿಷ್ಟ ಜಾಗದಲ್ಲಿರುವ ಬೂಟ್ ಕಡತವನ್ನು. ಐಎಸ್‌ಒ ಅದರ ಪಾಲಿಗೆ ಬಾಯಿಮುಚ್ಚಿದ ಗಂಟು. ಆ ಗಂಟನ್ನು ಬಿಡಿಸಿ ಬರೆಯಲು ರೂಫಸ್ ಅಥವಾ ಬಲೆನಾ ಎಚರ್ ಎಂಬ ತಂತ್ರಾಂಶ ಬಳಸಿ. ಬರೆದಾದ ಮೇಲೆ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಬಹುದು. ಬೇಡ ಎನ್ನಿ. ತನಗೆ ಓದಲು ಬಾರದ ವಿಭಾಗ ಕಂಡಾಗ ಅದು ಹಾಗೆ ಕೇಳುತ್ತದೆ.

ಯಂತ್ರವನ್ನು ಪೂರ್ತಿ ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಶುರುವಾಗುತ್ತಿದ್ದಂತೆ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನ ಕೆಲವು ಮಾದರಿಗಳಲ್ಲಿ ಎಫ್12 ಮೆನುವನ್ನು ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಒಳಗೆ ಹೋಗಿ ಮೊದಲು ಚಾಲೂ ಮಾಡಬೇಕು.

ಆಗ ತೆರೆಯುವುದು ಲೈವ್ ಸೆಷನ್. ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ನೀವು ಮಾಡುವ ಬದಲಾವಣೆಗಳು ರ್‍ಯಾಮ್‌ನಲ್ಲಿ ನಿಲ್ಲುತ್ತವೆ, ಆರಿಸಿದೊಡನೆ ಅಳಿಸಿಹೋಗುತ್ತವೆ. ನೀವಾಗಿ ಹೇಳದೆ ಒಳಗಿನ ಡಿಸ್ಕಿನ ಮೇಲೆ ಅದು ಏನನ್ನೂ ಬರೆಯದು. ಇಲ್ಲಿ ಅರ್ಧ ಗಂಟೆ ಕಳೆಯಿರಿ. ವೈಫೈ, ಧ್ವನಿ, ಕ್ಯಾಮೆರಾ, ಪರದೆಯ ಬೆಳಕು ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಸರಿಯಾಗಿ ಎಚ್ಚರವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳ ಡ್ರೈವರ್ (ಚಿಪ್ಪನ್ನು ಓಡಿಸುವ ತಂತ್ರಾಂಶ) ಮುಕ್ತ ಪರವಾನಗಿಯದಲ್ಲ, ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಮೊಬೈಲನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಅಂತರ್ಜಾಲ ಬರುತ್ತದೆ, ಆಮೇಲೆ ಡ್ರೈವರ್ ಮ್ಯಾನೇಜರ್ ದಾರಿ ತೋರಿಸುತ್ತದೆ. ಪ್ರಿಂಟರ್ ಇದ್ದರೆ ಅದನ್ನೂ ಈಗಲೇ ಜೋಡಿಸಿ ನೋಡಿ. ಎಚ್‌ಪಿಯ ಹೆಚ್ಚಿನ ಪ್ರಿಂಟರ್‌ಗಳು ಸಲೀಸು. ಕ್ಯಾನನ್ ಎಲ್‌ಬಿಪಿ 2900 ತನ್ನದೇ ಕ್ಯಾಪ್ಟ್ ಎಂಬ ಭಾಷೆಯಲ್ಲಷ್ಟೇ ಮಾತಾಡುವುದರಿಂದ ಬಹಳ ಸತಾಯಿಸುತ್ತದೆ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ, ಹಾಗಾಗಿ ನಿಮ್ಮ ಲೆಕ್ಕಪತ್ರ ಅದರಲ್ಲಿದ್ದರೆ ವಿಂಡೋಸನ್ನು ಉಳಿಸಿಕೊಳ್ಳಿ.

ಹೊಸ ಎಸ್‌ಎಸ್‌ಡಿ ಹಾಕಿದವರಿಗೆ ಸ್ಥಾಪನೆ ಸುಲಭ. ‘ಡಿಸ್ಕ್ ಅಳಿಸಿ ಸ್ಥಾಪಿಸು’ ಎಂಬುದನ್ನು ಒತ್ತಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಬೇಕೆನ್ನುವವರು ಮಾತ್ರ ಎಚ್ಚರದಿಂದಿರಬೇಕು. ಮೊದಲು ಕಡತಗಳ ಪ್ರತಿ ಬೇರೆ ಡಿಸ್ಕಿಗೆ ಹೋಗಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಆಮೇಲೆ ಬಿಟ್‌ಲಾಕರ್ ಆಫ್ ಮಾಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನೂ ಆಫ್ ಮಾಡಿ. ಅದು ಚಾಲೂ ಇದ್ದಾಗ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ವಿಭಾಗಕ್ಕೆ ಲಿನಕ್ಸಿನಿಂದ ಬರೆದರೆ ಕಡತಗಳು ಕೆಡಬಹುದೆಂದು ಲಿನಕ್ಸ್ ಅದನ್ನು ಓದಲಷ್ಟೇ ಬಿಡುತ್ತದೆ. ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಕುಗ್ಗಿಸಿ 60 ಜಿಬಿಯಷ್ಟು ಖಾಲಿ ಬಿಡಿ. ಎಷ್ಟೇ ಜಾಗ ಖಾಲಿಯಿದ್ದರೂ ಕುಗ್ಗಿಸಲು ಸ್ವಲ್ಪವೇ ತೋರಿಸಿದರೆ, ಸರಿಸಲಾಗದ ಪೇಜ್‌ಫೈಲ್‌ನಂಥ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ) ಕಡತ ನಡುವೆ ಕೂತಿರುತ್ತದೆ. ಅದನ್ನು ತಾತ್ಕಾಲಿಕವಾಗಿ ತೆಗೆದು ಮತ್ತೆ ಪ್ರಯತ್ನಿಸಿ.

ಎರಡೂ ಇರುವ ಯಂತ್ರದಲ್ಲಿ ಗಡಿಯಾರ ಐದೂವರೆ ಗಂಟೆ ತಪ್ಪುವುದು ಸಾಮಾನ್ಯ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಹಾಗಾಗಿ ಮಧ್ಯಾಹ್ನ ಎರಡಕ್ಕೆ ವಿಂಡೋಸ್ ಬೆಳಗಿನ 8:30 ಎನ್ನುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸುವ ಕಿಟಕಿ) timedatectl set-local-rtc 1 ಎಂಬ ಆಜ್ಞೆ ಕೊಟ್ಟರೆ ಎರಡಕ್ಕೂ ಹೊಂದಾಣಿಕೆಯಾಗುತ್ತದೆ.

ಮೊದಲ ದಿನವೇ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ನಿಗದಿಪಡಿಸಿ. ಯಾವುದೋ ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದು ವ್ಯವಸ್ಥೆಯ ಪ್ರತಿ ಅಷ್ಟೇ, ನಿಮ್ಮ ಫೋಟೊಗಳ ಪ್ರತಿಯಲ್ಲ.

ಕನ್ನಡ ಓದಲು ಏನೂ ಮಾಡಬೇಕಿಲ್ಲ, ಯೂನಿಕೋಡ್ ಫಾಂಟುಗಳು ಸಿಗುತ್ತವೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿದರೆ ಗುಬ್ಬಿ ಫಾಂಟೂ ಕೈಬರಹದಂತಿರುವ ನವಿಲು ಫಾಂಟೂ ಇವೆ. ಟೈಪಿಸಲು ಬೇರೆ ಭಾಷೆಗಳ ಕೀಲಿಮಣೆ ಒದಗಿಸುವ ಐಬಸ್ (ibus) ಮತ್ತು ಅದರ ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ, ಲಾಗ್‌ಔಟ್ ಮಾಡಿ ಮತ್ತೆ ಬನ್ನಿ. ಹಾಗೆ ಮರಳಿ ಬರದಿದ್ದರೆ ಹೊಸ ಕೀಲಿಮಣೆ ಪಟ್ಟಿಯಲ್ಲಿ ಕಾಣದಿರಬಹುದು. ಕನ್ನಡದ ಕೆಳಗೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿನ್ಯಾಸಗಳಿರುತ್ತವೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಕೆಜಿಪಿ ಆರಿಸಿಕೊಳ್ಳಲಿ.

ನುಡಿ, ಬರಹಗಳ ಹಳೆಯ ಆವೃತ್ತಿಗಳಲ್ಲಿ ಮಾಡಿದ ಕಡತಗಳ ಕಥೆಯೇ ಬೇರೆ. ಅವುಗಳಲ್ಲಿ ಹಲವು ಯೂನಿಕೋಡ್ ಅಲ್ಲ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಇರುವುದು ಫಾಂಟಿನಲ್ಲಿ ಮಾತ್ರ. ಮಿಂಟ್‌ನ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆದಾಗ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಎಂದರ್ಥ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್ ಕಡತವನ್ನು ತಂದು ಹಾಕಿದರೆ ಓದಬಹುದು. ತಿದ್ದಿ ಮುಂದುವರಿಸಬೇಕಾದ ಬರಹಗಳನ್ನು ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಬಳಿಕ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಪರಿವರ್ತನೆಯಲ್ಲಿ ಹೆಚ್ಚು ತಪ್ಪುವುದು ಅಲ್ಲೇ.